ಸಣ್ಣ ಅಂಗಡಿಗೆ ಬ್ರಾಡ್‌ಬ್ಯಾಂಡ್: ಮಳೆಗಾಲ ದಾಟುವ ಲೈನ್ ಆರಿಸುವುದು ಹೇಗೆ?

ಶಿರಸಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಜೆರಾಕ್ಸ್, ಡಿಟಿಪಿ, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಸೀಸನ್ನಿನಲ್ಲಿ ಮದುವೆ ಕಾಗದ. ಕೆಲವು ವರ್ಷದ ಹಿಂದೆ ಒಂದು ಜನವರಿಯಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಬಂದ. 200 ಎಂಬಿಪಿಎಸ್ ವೇಗ, ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಫ್ರೀ ಅಂದ. ಆಕಾಶ ನೀಲಿಯಾಗಿತ್ತು. ಕಟ್ಟಿಬಿಟ್ಟೆ.

ಜುಲೈನಲ್ಲಿ ಲೈನ್ ಹೋಯಿತು. ಫೋನ್ ಮಾಡಿದರೆ ಎಲ್ಲೋ ಕೂತವರು "ರೌಟರ್ ಆಫ್ ಮಾಡಿ ಆನ್ ಮಾಡಿ" ಅಂದರು. ಒಂಬತ್ತು ದಿನ ಅದನ್ನೇ ಮಾಡಿದೆ. ಹತ್ತನೇ ದಿನ ಹುಬ್ಬಳ್ಳಿಯಿಂದ ಒಬ್ಬ ಬಂದು ನೋಡಿದರೆ, ಹಲಸಿನ ಕೊಂಬೆ ಬಿದ್ದು ತಂತಿ ತುಂಡಾಗಿತ್ತು. ಅಂಗಡಿಯಿಂದ ಐವತ್ತು ಮಾರು ದೂರದಲ್ಲಿ! ಅದೇ ಗಾಳಿಗೆ ಪಕ್ಕದ ಔಷಧಿ ಅಂಗಡಿಯ ಲೈನೂ ಹೋಗಿತ್ತು. ಅವರದು ನನ್ನ ಕಾಲು ಭಾಗ ವೇಗದ ಪ್ಲ್ಯಾನು. ಆದರೆ ಊರಿನ ಕೇಬಲ್ ಹುಡುಗ ರೇನ್‌ಕೋಟ್ ಹಾಕಿಕೊಂಡು ಬಂದು ಸಂಜೆಯೊಳಗೆ ಜೋಡಿಸಿ ಹೋಗಿದ್ದ.

ಆ ಒಂಬತ್ತು ದಿನ ಕಲಿಸಿದ್ದು ಇಷ್ಟೆ. ನಮ್ಮ ಜಿಲ್ಲೆಯಲ್ಲಿ ಬ್ರಾಡ್‌ಬ್ಯಾಂಡ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಸ್ಪೀಡು?" ಅಲ್ಲ. "ತುಂಡಾದರೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ?" ಎನ್ನುವುದು. ಉಳಿದಿದ್ದೆಲ್ಲ ಆಮೇಲೆ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ನಿಮ್ಮ ಅಂಗಡಿಯಲ್ಲಿ ನೆಟ್ ಏನು ಕೆಲಸ ಮಾಡುತ್ತದೆ ಎಂದು ಬರೆಯಿರಿ. ಬರೆದು ನೋಡಿದರೆ ಎಷ್ಟೋ ಜನರಿಗೆ ತಾವು ಅಂದುಕೊಂಡಷ್ಟು ವೇಗ ಬೇಡ ಎಂದು ಗೊತ್ತಾಗುತ್ತದೆ.

ಯುಪಿಐ ಇದ್ದರೆ ಬ್ರಾಡ್‌ಬ್ಯಾಂಡ್ ಬೇಕೇ ಬೇಕು ಎಂದು ಹಲವರ ನಂಬಿಕೆ. ಹಾಗೇನಿಲ್ಲ. ದುಡ್ಡು ಹೋಗುವುದು ಗಿರಾಕಿಯ ಮೊಬೈಲ್ ಡೇಟಾದಲ್ಲಿ. "ಇಷ್ಟು ರೂಪಾಯಿ ಬಂತು" ಎಂದು ಕೂಗುವ ಡಬ್ಬಿಯೊಳಗೆ ಅದರದ್ದೇ ಸಿಮ್ ಇರುತ್ತದೆ. ಬರೀ ಕಿರಾಣಿ ಅಂಗಡಿ, ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲೇ ಇದೆ, ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಮಾತ್ರ ಎನ್ನುವವರಿಗೆ ಫೋನಿನ ಹಾಟ್‌ಸ್ಪಾಟ್ ಸಾಕಾಗಬಹುದು. ಸುಮ್ನೆ ಯಾಕೆ ಖರ್ಚು?

ಫೋಟೋ ಸ್ಟುಡಿಯೋದವರ ಲೆಕ್ಕ ಬೇರೆ. ಮದುವೆ ಆಲ್ಬಮ್ಮಿನ ಫೈಲು 500 ಎಂಬಿ ಇದೆ, ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸಬೇಕು ಎಂದುಕೊಳ್ಳಿ. ಅಪ್‌ಲೋಡ್ 2 ಎಂಬಿಪಿಎಸ್ ಇದ್ದರೆ ಅರ್ಧ ತಾಸಿಗೂ ಜಾಸ್ತಿ ಬೇಕು. 10 ಇದ್ದರೆ ಏಳು ನಿಮಿಷದೊಳಗೆ ಮುಗಿಯುತ್ತದೆ. 100 ಇದ್ದರೆ 40 ಸೆಕೆಂಡು. ಗಮನಿಸಿ, ನಾನು ಹೇಳಿದ್ದು ಅಪ್‌ಲೋಡ್. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವ ಅಂಕಿ ಬಹಳ ಸಲ ಡೌನ್‌ಲೋಡಿನದು. ಕಳಿಸುವ ಕೆಲಸ ಜಾಸ್ತಿ ಇರುವವರು ಅಪ್‌ಲೋಡ್ ಎಷ್ಟು ಎಂದು ಬಾಯಿಬಿಟ್ಟು ಕೇಳಬೇಕು.

ಇಲ್ಲೇ ಇನ್ನೊಂದು ಗೊಂದಲ ಬಗೆಹರಿಸಿಕೊಳ್ಳಿ. ಪ್ಲ್ಯಾನಿನಲ್ಲಿರುವ ಎಂಬಿ ಬೇರೆ, ಫೈಲಿನ ಎಂಬಿ ಬೇರೆ. ಪ್ಲ್ಯಾನಿನದು ಬಿಟ್ ಲೆಕ್ಕ, ಫೈಲಿನದು ಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಎಂಬಿ ಇಳಿಯುತ್ತದೆ. ಕಂಪನಿಯವರು ಮೋಸ ಮಾಡಿದರು ಎಂದು ಇದಕ್ಕಾಗಿ ಜಗಳ ಆಡಬೇಡಿ.

ಗೋಕರ್ಣದ ಕಡೆ ನಮ್ಮ ಭಾವನದು ನಾಲ್ಕು ಕೋಣೆಯ ಹೋಮ್‌ಸ್ಟೇ. ಅವನಿಗೆ 300 ಎಂಬಿಪಿಎಸ್ ಹಾಕಿಸುವ ಹುಮ್ಮಸ್ಸಿತ್ತು. ಕೂತು ಲೆಕ್ಕ ಹಾಕಿದೆವು. ಎಚ್‌ಡಿ ಸಿನಿಮಾ ನೋಡಲು ಒಬ್ಬರಿಗೆ ಸುಮಾರು 5 ಎಂಬಿಪಿಎಸ್ ಬೇಕು. ಒಳ್ಳೆಯ ವಿಡಿಯೋ ಕಾಲ್‌ಗೆ 3ರಿಂದ 4. ನಾಲ್ಕೂ ಕೋಣೆ ತುಂಬಿ, ಮೂವರು ಸಿನಿಮಾ ನೋಡುತ್ತ, ಮತ್ತಿಬ್ಬರು ಬೆಂಗಳೂರಿನ ಆಫೀಸಿನ ಮೀಟಿಂಗಿನಲ್ಲಿ ಕೂತರೂ 25 ದಾಟುವುದಿಲ್ಲ. ಉಳಿದವರ ಮೊಬೈಲಿಗೆ ಅಷ್ಟೇ ಸೇರಿಸಿದರೂ 50 ಸಾಕು. ಉಳಿದ ದುಡ್ಡಿನಲ್ಲಿ ಇನ್ವರ್ಟರಿಗೆ ಒಳ್ಳೆ ಬ್ಯಾಟರಿ ಬಂತು. ಅತಿಥಿಗಳು ಹೊಗಳಿದ್ದೂ ಅದನ್ನೇ.

ಸಿಸಿ ಕ್ಯಾಮೆರಾ ಇರುವವರು ಒಂದು ವಿಷಯ ನೋಡಿಕೊಳ್ಳಿ. ರೆಕಾರ್ಡಿಂಗ್ ಅಂಗಡಿಯ ಡಿವಿಆರ್‌ನಲ್ಲೇ ಆಗುತ್ತಿದ್ದರೆ, ನೀವು ಮನೆಯಿಂದ ನೋಡುವಾಗ ಮಾತ್ರ ಅಪ್‌ಲೋಡ್ ಬೇಕು. ಕ್ಲೌಡಿಗೆ, ಅಂದರೆ ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಹೋಗುವಂಥದ್ದಾದರೆ ಒಂದೊಂದು ಕ್ಯಾಮೆರಾ ಸುಮಾರು 2 ಎಂಬಿಪಿಎಸ್ ಹಗಲೂ ರಾತ್ರಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾ ಎಂದರೆ 8.

ನಿಮ್ಮ ಜಾಗಕ್ಕೆ ಏನೇನು ಬರುತ್ತದೆ?

ಕಂಪನಿಯ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ "ಲಭ್ಯವಿದೆ" ಎಂದು ಹಸಿರು ಅಕ್ಷರ ಬರುತ್ತದೆ. ಅದನ್ನು ನಂಬಬೇಡಿ. ನಮ್ಮಲ್ಲಿ ಒಂದೇ ಪಿನ್‌ಕೋಡಿನಲ್ಲಿ ಪೇಟೆಯೂ ಇರುತ್ತದೆ, ನಾಲ್ಕು ಗುಡ್ಡದಾಚೆಯ ತೋಟವೂ ಇರುತ್ತದೆ. ಬದಲಿಗೆ ಅಕ್ಕಪಕ್ಕದ ಮೂರ್ನಾಲ್ಕು ಅಂಗಡಿಗೆ ಹೋಗಿ ಕೇಳಿ. ಚಾ ಕುಡಿದ ಹಾಗೂ ಆಗುತ್ತದೆ.

ಶಿರಸಿ, ಕಾರವಾರ, ಕುಮಟಾ, ಭಟ್ಕಳದಂಥ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಫೈಬರ್. ಬಿಎಸ್‌ಎನ್‌ಎಲ್‌ನ ಭಾರತ್ ಫೈಬರ್ ಹಲವು ಕಡೆ ಊರಿನ ಕೇಬಲ್‌ನವರ ಮೂಲಕವೇ ಬರುತ್ತದೆ. ಬಿಲ್ಲು ಬಿಎಸ್‌ಎನ್‌ಎಲ್‌ನದು, ಕಂಬ ಹತ್ತುವವನು ನಿಮ್ಮ ಊರಿನವನು. ಖಾಸಗಿ ಕಂಪನಿಗಳ ಫೈಬರೂ ಇದೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ: ಯಾವುದರ ರಿಪೇರಿಯವನ ಮನೆ ನಿಮ್ಮ ಊರಲ್ಲಿದೆಯೋ ಅದು.

ಹಳೆಯ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಇನ್ನೂ ಉಳಿಸಿಕೊಂಡವರಿದ್ದರೆ ಬಿಟ್ಟುಬಿಡಿ. ಎಕ್ಸ್‌ಚೇಂಜಿನಿಂದ ದೂರ ಆದಷ್ಟೂ ವೇಗ ಸೋರುತ್ತದೆ. ಸಿಡಿಲಿಗೂ ಅದೇ ದಾರಿ.

ಹಳ್ಳಿಯಲ್ಲಿರುವವರು ಮೊದಲು ಗ್ರಾಮ ಪಂಚಾಯ್ತಿ ಆಫೀಸಿನಲ್ಲಿ ವಿಚಾರಿಸಿ. ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆ 2011ರಲ್ಲಿ ಶುರುವಾಯಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಪಂಚಾಯ್ತಿಯವರೆಗೆ ಲೈನ್ ಬಂದು ನಡೆಯುತ್ತಿದ್ದರೆ, ಅಲ್ಲಿಂದ ನಿಮ್ಮಲ್ಲಿಗೆ ಎಳೆಯುವ ಕೇಬಲ್‌ನವರು ಯಾರಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ. ಅಕ್ಕಪಕ್ಕದ ನಾಲ್ಕು ಮನೆ ಸೇರಿ ಕೇಳಿದರೆ ಕೇಬಲ್ ಖರ್ಚಿನ ಮಾತುಕತೆ ಸುಲಭ.

ಏರ್‌ಫೈಬರ್ ಎಂದು 2023ರಿಂದ ಬಂದದ್ದು ಹೆಸರಿಗೆ ಫೈಬರ್, ಆದರೆ ಗಾಳಿಯಲ್ಲಿ ಬರುವುದು. ಮಾಡಿನ ಮೇಲೊಂದು ಡಬ್ಬಿ ಕೂರಿಸುತ್ತಾರೆ, ಅದು ಟವರಿನಿಂದ 5ಜಿ ಸಿಗ್ನಲ್ ಹಿಡಿಯುತ್ತದೆ. ಟವರ್ ಕಣ್ಣಿಗೆ ಕಾಣುವ ಪೇಟೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಕೊಂಬೆ ಬಿದ್ದು ತುಂಡಾಗುವ ತಂತಿಯೇ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಕಣಿವೆಯ ತೋಟದ ಮಧ್ಯೆ, ಒದ್ದೆ ಎಲೆಯ ದಟ್ಟ ಮರಗಳ ಹಿಂದೆ ಸಿಗ್ನಲ್ ಕುಗ್ಗುತ್ತದೆ. ಕರಾವಳಿಯಲ್ಲಿ ಇನ್ನೊಂದು ತೊಂದರೆ, ಉಪ್ಪುಗಾಳಿ. ಹೊರಗಿನ ಜೋಡಣೆಗಳು ಹಸಿರುಗಟ್ಟುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಲು ಹೇಳಬೇಕು.

ಲೀಸ್ಡ್ ಲೈನ್ ಎಂದು ಯಾರಾದರೂ ಹೇಳಿದರೆ, ಅದು ನಿಮಗೊಬ್ಬರಿಗೇ ಮೀಸಲಾದ ಲೈನು. ಹೋಗುವ ವೇಗ, ಬರುವ ವೇಗ ಎರಡೂ ಒಂದೇ. ಇಷ್ಟು ತಾಸಿನೊಳಗೆ ಸರಿಮಾಡುತ್ತೇವೆ ಎಂದು ಬರೆದುಕೊಡುತ್ತಾರೆ. ದರ ಎಷ್ಟೋ ಪಟ್ಟು ಜಾಸ್ತಿ. ಸಣ್ಣ ಅಂಗಡಿಗೆ ಬೇಡ.

ದುಡ್ಡು ಕೊಡುವ ಮೊದಲು ಕೇಳುವ ಪ್ರಶ್ನೆ

ಮಾರಾಟದ ಹುಡುಗನನ್ನು ಕೇಳಿ ಪ್ರಯೋಜನವಿಲ್ಲ. ಅವನು ಎಲ್ಲಕ್ಕೂ "ಹೌದು ಸರ್" ಅನ್ನುತ್ತಾನೆ. ಲೈನ್ ಎಳೆಯುವವನನ್ನು ಹಿಡಿಯಿರಿ.

"ಕಳೆದ ಜುಲೈನಲ್ಲಿ ಈ ರಸ್ತೆಯಲ್ಲಿ ಎಷ್ಟು ಸಲ ಲೈನ್ ಹೋಗಿತ್ತು?" ಎಂದು ಕೇಳಿ. ಸುಳ್ಳು ಹೇಳಿದರೆ ಪಕ್ಕದ ಅಂಗಡಿಯಲ್ಲಿ ತಾಳೆ ನೋಡಬಹುದು. ತಂತಿ ಜೋಡಿಸುವ ಮೆಷಿನ್ ಊರಲ್ಲೇ ಇದೆಯಾ, ಇಲ್ಲ ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ಬರಬೇಕಾ ಎಂದು ಕೇಳಿ. ಫೈಬರ್ ಎಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ತಾಮ್ರದ ತಂತಿಯ ಹಾಗೆ ತಿರುಚಿ ಟೇಪು ಸುತ್ತಲು ಆಗದು. ಕರಗಿಸಿ ಬೆಸೆಯುವ ಮೆಷಿನ್ ಬೇಕು, ಅದು ದುಬಾರಿ. ಇಡೀ ತಾಲೂಕಿಗೆ ಒಂದೇ ಇದ್ದರೆ ಮಳೆಗಾಲದಲ್ಲಿ ನಿಮ್ಮ ಸರದಿ ಯಾವಾಗ ಬರಬೇಕು?

ಆಮೇಲೆ ದಾರಿ. ತಂತಿ ಕಂಬದ ಮೇಲೆ ಬರುತ್ತದಾ, ನೆಲದಡಿಯಲ್ಲಾ? ಕಂಬದ ಮೇಲಿನದಕ್ಕೆ ಕೊಂಬೆಯ ಭಯ, ಮಂಗನ ಭಯ. ನಮ್ಮ ಕಡೆ ಮುಸಿಯಾಗಳು ಕೇಬಲ್ ಮೇಲೆ ಉಯ್ಯಾಲೆ ಆಡುವುದನ್ನು ನೋಡದವರು ಯಾರು? ನೆಲದಡಿಯದಕ್ಕೆ ಜೆಸಿಬಿಯ ಭಯ. ಶಿರಸಿ–ಕುಮಟಾ ರಸ್ತೆ ಅಗಲ ಮಾಡುವ ಕೆಲಸ, ಕರಾವಳಿಯಲ್ಲಿ ಹೆದ್ದಾರಿ 66ರ ಕೆಲಸ, ಇವೆರಡರ ಬದಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡರಲ್ಲಿ ನಾನಾದರೆ ಕಂಬದ ಮೇಲಿನದನ್ನೇ ಆರಿಸುತ್ತೇನೆ. ಎಲ್ಲಿ ತುಂಡಾಯಿತು ಎಂದು ಕಣ್ಣಿಗಾದರೂ ಕಾಣುತ್ತದೆ.

ಕೊನೆಯದು, ಊರಿಗೆ ಬರುವ ದೊಡ್ಡ ಕೇಬಲ್ ಯಾವ ಕಡೆಯಿಂದ, ಎಷ್ಟು ಕಡೆಯಿಂದ? ಘಟ್ಟದ ಒಂದೇ ರಸ್ತೆಯಲ್ಲಿ ಬಂದಿದ್ದರೆ, ಅಲ್ಲಿ ಗುಡ್ಡ ಜರಿದ ದಿನ ಇಡೀ ಪೇಟೆ ಕತ್ತಲು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಕೇಬಲ್ ತುಂಡಾದರೆ ಸರಿಮಾಡುವವನು ಜಾಗ ತಲುಪುವುದೇ ಕಷ್ಟ. ಎರಡು ದಿಕ್ಕಿನಿಂದ ಲೈನ್ ಬರುತ್ತದೆ ಎನ್ನುವ ಕಂಪನಿ ಸಿಕ್ಕರೆ ತಿಂಗಳಿಗೆ ನೂರು ರೂಪಾಯಿ ಜಾಸ್ತಿಯಾದರೂ ಅದನ್ನೇ ಹಿಡಿಯಿರಿ.

ಕರೆಂಟಿನ ಲೆಕ್ಕ

ಹಳೇ ಲ್ಯಾಂಡ್‌ಲೈನ್ ಫೋನು ನೆನಪಿದೆಯಲ್ವಾ? ಕರೆಂಟ್ ಹೋದರೂ ರಿಂಗ್ ಆಗುತ್ತಿತ್ತು. ಅದಕ್ಕೆ ಬೇಕಾದ ಕರೆಂಟು ಎಕ್ಸ್‌ಚೇಂಜಿನಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಫೈಬರಿನಲ್ಲಿ ಬರುವುದು ಬರೀ ಬೆಳಕು. ನಿಮ್ಮ ಕಡೆಯ ರೌಟರ್ ಡಬ್ಬಿಗೆ ನೀವೇ ಕರೆಂಟ್ ಕೊಡಬೇಕು. ಫೈಬರ್ ಜೊತೆ ಕೊಡುವ ಲ್ಯಾಂಡ್‌ಲೈನೂ ಅಷ್ಟೆ, ಡಬ್ಬಿ ಸತ್ತರೆ ಫೋನೂ ಸತ್ತಂತೆ.

ಅಂಗಡಿಯಲ್ಲಿ ಇನ್ವರ್ಟರ್ ಇದ್ದರೆ ಡಬ್ಬಿಯನ್ನು ಅದರ ಪ್ಲಗ್ಗಿಗೆ ಹಾಕಿ. ಆದರೆ ಕೆಲವು ಇನ್ವರ್ಟರ್ ಬದಲಾಗುವ ಆ ಕಣ್ಣುಮಿಟುಕಿನಲ್ಲಿ ಡಬ್ಬಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಎರಡು ಮೂರು ನಿಮಿಷ ನೆಟ್ ಇರುವುದಿಲ್ಲ. ಅರ್ಜಿ ತುಂಬುತ್ತ ಕೊನೆಯ ಪುಟಕ್ಕೆ ಬಂದಾಗ ಹೀಗಾದರೆ ಎಂಥ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತು. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ರೌಟರಿಗೆಂದೇ ಚಿಕ್ಕ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಡಬ್ಬಿಯ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ ಓದಿ. ಹೆಚ್ಚಿನವು 12 ವೋಲ್ಟಿನವು. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬೇಕು.

ಇದಿಷ್ಟು ನಿಮ್ಮ ಕಡೆಯದು. ಆಚೆ ಕಡೆ? ನಿಮ್ಮ ಲೈನ್ ಹೋಗಿ ಸೇರುವ ಮೆಷಿನ್ ಕೇಬಲ್‌ನವರ ಒಂದು ಕೋಣೆಯಲ್ಲಿರುತ್ತದೆ. ಅಲ್ಲಿ ಬ್ಯಾಟರಿ ಮುಗಿದರೆ ನಿಮ್ಮ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಹೆಸ್ಕಾಂನ ಲೈನ್ ಮೇಲೆ ಮರ ಬಿದ್ದರೆ ಹಳ್ಳಿ ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. "ನಿಮ್ಮ ಬ್ಯಾಟರಿ ಎಷ್ಟು ತಾಸು ಬರುತ್ತದೆ, ಜನರೇಟರ್ ಇದೆಯಾ?" ಎಂದು ನೇರವಾಗಿ ಕೇಳಿ.

ಪ್ಲ್ಯಾನಿನ ಸಣ್ಣ ಅಕ್ಷರ

ತಿಂಗಳಿಗೆ 600 ಎಂದು ಬರೆದಿದ್ದರೆ ಕೈಯಿಂದ ಹೋಗುವುದು 708. 18 ಪರ್ಸೆಂಟ್ ಜಿಎಸ್‌ಟಿ. ನೀವು ರೆಗ್ಯುಲರ್ ಸ್ಕೀಮಿನಲ್ಲಿದ್ದು ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಬಂದರೆ ಆ 108 ರೂಪಾಯಿಯನ್ನು ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಕಾಂಪೊಸಿಷನ್ ಸ್ಕೀಮಿನವರಿಗೆ ಆ ಅವಕಾಶ ಇಲ್ಲ. ಮೊದಲ ದಿನವೇ ನಂಬರ್ ಕೊಟ್ಟುಬಿಡಿ, ಆಮೇಲೆ ಸೇರಿಸುವುದು ರಗಳೆ.

"ಅನ್‌ಲಿಮಿಟೆಡ್" ಎನ್ನುವುದಕ್ಕೂ ಒಂದು ಮಿತಿ ಇರುತ್ತದೆ. ಇಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತಾರೆ. ಅಗ್ಗದ ಪ್ಲ್ಯಾನಿನಲ್ಲಿ ಆ ಮಿತಿ ಕಡಿಮೆ, ಇಳಿದ ಮೇಲಿನ ವೇಗವೂ ಕಡಿಮೆ. ಎರಡೂ ಅಂಕಿ ನೋಡಿ. ಮನೆಯ ಪ್ಲ್ಯಾನನ್ನು ಅಂಗಡಿಗೆ ಹಾಕಿಸಬಹುದಾ ಎಂದೂ ಕೇಳಿಕೊಳ್ಳಿ. ಕೆಲವರ ನಿಯಮದಲ್ಲಿ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ.

ಸ್ಟ್ಯಾಟಿಕ್ ಐಪಿಗೆ, ಅಂದರೆ ಬದಲಾಗದ ನೆಟ್ ವಿಳಾಸಕ್ಕೆ, ಬೇರೆ ದುಡ್ಡು. ಹೊರಗಿನಿಂದ ಅಂಗಡಿಯ ಕಂಪ್ಯೂಟರಿಗೆ ನೇರ ಸಂಪರ್ಕ ಬೇಕೆನ್ನುವವರಿಗೆ ಮಾತ್ರ ಅದು ಬೇಕು. ಮೊಬೈಲ್ ಆಪಿನಲ್ಲಿ ಕ್ಯಾಮೆರಾ ನೋಡಲು ಬಹುತೇಕ ಬೇಡ.

ಈಗ ನನ್ನ ಒಂದು ಸಲಹೆ. ಸಾಧ್ಯವಾದರೆ ಲೈನನ್ನು ಮೇ ಕೊನೆಗೆ ಹಾಕಿಸಿ, ತಿಂಗಳ ಬಿಲ್ಲಿನ ಮೇಲೆ. ಜೂನ್, ಜುಲೈ, ಆಗಸ್ಟ್ ನೋಡಿ. ಅದನ್ನು ದಾಟಿದ ಲೈನಿಗೆ ಸೆಪ್ಟೆಂಬರಿನಲ್ಲಿ ವರ್ಷದ ದುಡ್ಡು ಕಟ್ಟಿ ರಿಯಾಯಿತಿ ಪಡೆಯಿರಿ. ಜನವರಿಯಲ್ಲಿ ಎಲ್ಲರ ಲೈನೂ ಒಳ್ಳೆಯದೇ.

ಎರಡನೇ ದಾರಿ ಇರಲಿ

ತಿಂಗಳ 20ನೇ ತಾರೀಕು ಜಿಎಸ್‌ಟಿ ಕಡೇ ದಿನ, ಅರ್ಜಿಗೆ ಕೊನೆಯ ಅರ್ಧ ತಾಸು, ಅಂಥ ಹೊತ್ತಿನಲ್ಲೇ ಲೈನ್ ಹೋಗುತ್ತದೆ. ಸಿಮ್ ಹಾಕುವ ಚಿಕ್ಕ 4ಜಿ ರೌಟರ್ ಇಟ್ಟುಕೊಳ್ಳಿ. ಎರಡು ಲೈನ್ ಹಿಡಿದು ಒಂದು ಹೋದರೆ ಇನ್ನೊಂದಕ್ಕೆ ತಾನೇ ಬದಲಾಗುವ ರೌಟರೂ ಸಿಗುತ್ತದೆ. ಸಿಮ್ ಬೇರೆ ಕಂಪನಿಯದೇ ಇರಲಿ. ಒಂದೇ ಕಂಪನಿಯ ಫೈಬರ್ ಮತ್ತು ಸಿಮ್ ಇಟ್ಟುಕೊಂಡರೆ, ದೊಡ್ಡ ಕೇಬಲ್ ತುಂಡಾದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಟವರಿಗೂ ಅದೇ ಕೇಬಲ್ ಹೋಗಿರುತ್ತದಲ್ಲ.

ಶಿರಸಿಯವರಿಗೆ ಇನ್ನೊಂದು ಮಾತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಯಾಗುವಾಗ ಮೊಬೈಲ್ ನೆಟ್ ಭರವಸೆ ಬಿಟ್ಟುಬಿಡಿ. ಅಷ್ಟು ಜನ ಒಂದೇ ಟವರಿಗೆ ಜೋತುಬಿದ್ದರೆ ಗಿರಾಕಿಯ ಯುಪಿಐ ಕೂಡ ಸುತ್ತುತ್ತಲೇ ಇರುತ್ತದೆ. ಆಗ ಅವರಿಗೆ ನಿಮ್ಮ ಅಂಗಡಿಯ ವೈಫೈ ಕೊಟ್ಟರೆ ವ್ಯಾಪಾರ ನಡೆಯುತ್ತದೆ. ಕೊಡುವುದಾದರೆ ಗೆಸ್ಟ್ ವೈಫೈ ಎಂದು ಬೇರೆ ಹೆಸರಿನಲ್ಲಿ ಕೊಡಿ, ಬಿಲ್ಲಿಂಗ್ ಕಂಪ್ಯೂಟರ್ ಇರುವ ವೈಫೈಯ ಪಾಸ್‌ವರ್ಡ್ ಕೊಡಬೇಡಿ.

ಲೈನ್ ಹಾಕುವ ದಿನ

ಅಂಗಡಿ ಬಿಟ್ಟು ಹೋಗಬೇಡಿ, ಪಕ್ಕದಲ್ಲೇ ನಿಂತಿರಿ. ತಂತಿ ಒಳಗೆ ಬರುವ ತೂತಿನ ಹೊರಗಡೆ ತಂತಿಯನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತರಲು ಹೇಳಿ. ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಒಳಗಿನ ತೆಳು ಎಳೆಯನ್ನು ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಲು ಬಿಡಬೇಡಿ. ಬಳೆಯಷ್ಟಾದರೂ ಅಗಲದ ಸುತ್ತು ಇರಬೇಕು.

ಎಲ್ಲ ಆದ ಮೇಲೆ ಮೀಟರ್ ಹಿಡಿದು ಬೆಳಕಿನ ಮಟ್ಟ ತೋರಿಸಲು ಹೇಳಿ. ಅದು ಮೈನಸ್ ಅಂಕಿಯಲ್ಲಿ ಬರುತ್ತದೆ. ಮೈನಸ್ 15ರಿಂದ ಮೈನಸ್ 23ರ ಒಳಗೆ ಇದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಇದ್ದರೆ ಈಗ ನಡೆಯುತ್ತದೆ, ಒಂದು ಕೆಟ್ಟ ಜೋಡಣೆ ಹೆಚ್ಚಾದರೆ ನಿಲ್ಲುತ್ತದೆ. ಆ ಅಂಕಿಯನ್ನು ಡಬ್ಬಿಯ ಬೆನ್ನಿಗೆ ಬರೆದು ಅಂಟಿಸಿ. ಮುಂದೆ ರಿಪೇರಿಯವನ ಜೊತೆ ಮಾತಾಡುವಾಗ ಇದರಷ್ಟು ಉಪಯೋಗದ್ದು ಬೇರಿಲ್ಲ.

ವೇಗ ನೋಡುವಾಗ ವೈಫೈಯಲ್ಲಿ ನೋಡಬೇಡಿ, ಲ್ಯಾನ್ ಕೇಬಲ್ ಹಾಕಿ ನೋಡಿ. ಹಳೇ ಕಂಪ್ಯೂಟರಿನ ಲ್ಯಾನ್ ಪೋರ್ಟ್ 100ಕ್ಕಿಂತ ಜಾಸ್ತಿ ತೋರಿಸುವುದಿಲ್ಲ ಎನ್ನುವುದೂ ನೆನಪಿರಲಿ. ನನ್ನ ಆ 200 ಎಂಬಿಪಿಎಸ್ ಇಡೀ ವರ್ಷ ಹಾಗೇ ಅರ್ಧಕ್ಕೆ ನಿಂತಿತ್ತು, ಗೊತ್ತಾದದ್ದು ಆಮೇಲೆ.

ಚಿರೇಕಲ್ಲಿನ ದಪ್ಪ ಗೋಡೆ ವೈಫೈಗೆ ದೊಡ್ಡ ಶತ್ರು. ವೈಫೈ ಸಿಗ್ನಲ್ಲಿನಲ್ಲಿ ಎರಡು ಬಗೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟದು. 2.4 ನಿಧಾನ, ಆದರೆ ದೂರ ಹೋಗುತ್ತದೆ. ಹಿಂದಿನ ಕೋಣೆಗೆ ಬೇಕೆಂದರೆ ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ವೈಫೈ ಡಬ್ಬಿ ಇಡಿ. ಅಂಗಳದಾಚೆಯ ಕಟ್ಟಡಕ್ಕೆ ಮಾತ್ರ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಏಪ್ರಿಲ್, ಮೇ ಸಿಡಿಲಿಗೆ ಎರಡೂ ಕಡೆಯ ಡಬ್ಬಿ ಸುಟ್ಟುಹೋಗಬಹುದು. ಅಲ್ಲಿಗೂ ಫೈಬರನ್ನೇ ಎಳೆಯಿಸಿ.

ಕೆಟ್ಟಾಗ

ಫೋನ್ ಮಾಡುವ ಮುಂಚೆ ಡಬ್ಬಿಯ ದೀಪ ನೋಡಿ. ಎಲ್‌ಒಎಸ್ ಎಂದು ಬರೆದಲ್ಲಿ ಕೆಂಪು ಉರಿಯುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ತುಂಡಾಗಿದೆ, ಇಲ್ಲ ಮಡಚಿದೆ. ನೂರು ಸಲ ಆಫ್ ಆನ್ ಮಾಡಿದರೂ ಬರುವುದಿಲ್ಲ. ಲೈನ್ ಸರಿ ಇದೆ ಎಂದು ತೋರಿಸುವ ಪಿಒಎನ್ ದೀಪ ಹಸಿರು ನಿಂತೇ ಇದ್ದು ಇಂಟರ್‌ನೆಟ್ ದೀಪ ಮಾತ್ರ ಇಲ್ಲವೆಂದರೆ ಬಿಲ್ ಕಟ್ಟಿದ್ದೀರಾ ನೋಡಿ, ಅಥವಾ ತೊಂದರೆ ಕಂಪನಿಯ ಕಡೆಯದು.

ದೂರು ಕೊಟ್ಟಾಗ ಡಾಕೆಟ್ ನಂಬರ್ ತೆಗೆದುಕೊಳ್ಳಿ, ತಾರೀಕು ಸಮೇತ ಬರೆದಿಡಿ. ಕೇಬಲ್ ಹುಡುಗ ಪರಿಚಯದವನು ಎಂದು ಬಾಯಿಮಾತಿನಲ್ಲಿ ಮುಗಿಸಬೇಡಿ. ಅವನಿಗೂ ಹೇಳಿ, ಕಂಪನಿಗೂ ದೂರು ಹಾಕಿ. ಸರಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಅಲ್ಲಿ ಡಾಕೆಟ್ ನಂಬರ್ ಕೇಳುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಲೈನ್ ಇಲ್ಲದ ದಿನಗಳ ದುಡ್ಡು ಬಿಲ್ಲಿನಲ್ಲಿ ಕಳೆಯಲು ಕೇಳಿ. ಕೇಳದವರಿಗೆ ಯಾರೂ ಕೊಡುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಕಂಬದಿಂದ ಅಂಗಡಿಯವರೆಗಿನ ತಂತಿಯ ಕೆಳಗೆ ಒಮ್ಮೆ ನಡೆದು ನೋಡಿ. ತಾಗುವ ಕೊಂಬೆ ನಿಮ್ಮದಾದರೆ ಕಡಿಸಿ. ಪಕ್ಕದವರದಾದರೆ ಕೇಳಿ ಕಡಿಸಿ. ಹೆಸ್ಕಾಂನವರು ಲೈನ್ ಮೇಲಿನ ಕೊಂಬೆ ಕಡಿಯಲು ಬಂದ ದಿನ ಹೊರಗೆ ಬಂದು ನಿಂತು "ಅಣ್ಣಾ, ಆ ಕಪ್ಪು ತಂತಿ ನಮ್ಮದು, ಸ್ವಲ್ಪ ನೋಡ್ಕೊಳ್ಳಿ" ಎನ್ನಿ. ಅವರ ಕತ್ತಿಗೆ ಸಿಕ್ಕ ಫೈಬರನ್ನೂ ನಾನು ನೋಡಿದ್ದೇನೆ.